ಮಸೀದಿಯೊಳಗೆ ಅಂಚೆ ಕಚೇರಿ! ವಿಜಯಪುರದ ಹಳೇ ಕಟ್ಟಡಗಳ ಕಥೆ

[ದೃಶ್ಯ: ಗೋಳಗುಮ್ಮಟದ ಮುಂದಿನ ನಗಾರಖಾನೆ]

ನಮಸ್ಕಾರ. ವಿಜಯಪುರಕ್ಕೆ ಹೋದವರೆಲ್ಲ ಗೋಳಗುಮ್ಮಟ ನೋಡಿಯೇ ನೋಡುತ್ತಾರೆ. ಅದರ ಮುಂದಿರುವ ಈ ನಗಾರಖಾನೆಯನ್ನು ಮಾತ್ರ ಸುಮ್ನೆ ದಾಟಿ ಹೋಗುತ್ತಾರೆ. ನಗಾರಿ ಬಾರಿಸಲು ಕಟ್ಟಿದ ಕಟ್ಟಡ ಇದು. 1892ರಲ್ಲಿ ಇಲ್ಲಿ ಮ್ಯೂಸಿಯಂ ಶುರುವಾಯಿತು. ಇಂದಿಗೂ ಇದೆ.

ಹಳೇ ಕಟ್ಟಡವನ್ನು ಬೇರೆ ಕೆಲಸಕ್ಕೆ ಬಳಸಬಹುದಾ? ಖಂಡಿತ ಬಳಸಬಹುದು. ಆದರೆ ಯಾವ ಕೆಲಸಕ್ಕೆ ಅನ್ನುವುದೇ ಮುಖ್ಯ.

[ದೃಶ್ಯ: ಊರಿನ ಹಳೇ ಫೋಟೋಗಳು]

1686ರಲ್ಲಿ ಔರಂಗಜೇಬ ಊರನ್ನು ಗೆದ್ದ. ಆದಿಲ್‌ಶಾಹಿಗಳ ಆಳ್ವಿಕೆ ಮುಗಿಯಿತು, ಎಷ್ಟೋ ಮಹಲುಗಳು ಪಾಳು ಬಿದ್ದವು. ಸುಮಾರು 200 ವರ್ಷದ ನಂತರ, 1885ರಲ್ಲಿ, ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದರು. ಕಚೇರಿಗಳಿಗೆ ಜಾಗ ಬೇಕಿತ್ತು. ಕಣ್ಣೆದುರು ಗಟ್ಟಿಮುಟ್ಟಾದ ಕಲ್ಲಿನ ಕಟ್ಟಡಗಳಿದ್ದವು. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು. ಇನ್ನೊಂದು ಮಸೀದಿಯಲ್ಲಿ ಡಾಕ್ ಬಂಗಲೆ, ಅಂದರೆ ಪ್ರಯಾಣಿಕರು ತಂಗುವ ಮನೆ. ಜೋಡ ಗುಮ್ಮಟದ ಒಂದು ಗೋರಿಯಲ್ಲಂತೂ ಎಂಜಿನಿಯರ್ ಸಾಹೇಬರ ಮನೆ!

ಇದನ್ನು ಕೇಳಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಸತ್ತವರು ಮಲಗಿರುವ ಜಾಗ ಅದು, ಅಲ್ವಾ? ಕೊನೆಗೆ ವೈಸರಾಯ್ ಕರ್ಜನ್ ಅಂಚೆ ಕಚೇರಿಯನ್ನೂ ಡಾಕ್ ಬಂಗಲೆಯನ್ನೂ ಮಸೀದಿಗಳಿಂದ ಹೊರಗೆ ಕಳಿಸಿದರು. ಸ್ಮಾರಕ ರಕ್ಷಣೆಯ 1904ರ ಕಾಯ್ದೆ ಬಂದದ್ದೂ ಅವರ ಕಾಲದಲ್ಲೇ.

ನಗಾರಖಾನೆಯ ವಿಷಯ ಬೇರೆ. ಅದು ಪ್ರಾರ್ಥನೆಯ ಜಾಗವಲ್ಲ, ಗೋರಿಯೂ ಅಲ್ಲ. ಎತ್ತರದ ಕಮಾನಿನ ಕೋಣೆಗಳಲ್ಲಿ ಶಾಸನ, ಶಿಲ್ಪ ಇಟ್ಟರೆ ಕಟ್ಟಡಕ್ಕೆ ಏಟಾಗುವುದಿಲ್ಲ. ನಾಳೆ ತೆಗೆಯಬೇಕೆಂದರೆ ತೆಗೆಯಲೂಬಹುದು. ಇನ್ನು ಜಾಮಿಯಾ ಮಸೀದಿಗೆ ಹೊಸ ಕೆಲಸವೇ ಬೇಕಿಲ್ಲ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದರಂತೆ ಗುರುತಿಸಿದ ಚೌಕಗಳಿವೆ. ಅಲ್ಲಿ ಇವತ್ತಿಗೂ ನಮಾಜ್ ನಡೆಯುತ್ತದೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ.

[ದೃಶ್ಯ: ಗೋಡೆಯ ಸಂದಿ, ಹತ್ತಿರದಿಂದ]

ಈಗ ರಿಪೇರಿಯ ಮಾತು. ಹೆಚ್ಚು ಹಾಳಾಗುವುದು ಇಲ್ಲೇ. ಈ ಗೋಡೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಮಳೆನೀರು ಒಳಗೆ ಇಳಿದರೂ ಗಾರೆಯ ಮೂಲಕ ನಿಧಾನವಾಗಿ ಆರಿಹೋಗುತ್ತದೆ. ಸಂದಿಗೆ ಸಿಮೆಂಟ್ ಮೆತ್ತಿದರೆ? ನೀರು ಹೊರಬರಲು ದಾರಿಯಿಲ್ಲ. ಅದು ಪಕ್ಕದ ಕಲ್ಲಿಗೆ, ಇಟ್ಟಿಗೆಗೆ ಹೋಗುತ್ತದೆ. ಆರುವಾಗ ಉಪ್ಪು ಬಿಳಿಯಾಗಿ ಒಡೆದು ಮೂಡುತ್ತದೆ, ಮೇಲ್ಮೈ ಹಪ್ಪಳದ ಹಾಗೆ ಕಳಚುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ!

ಗಾರೆ ಮಾಡುವುದು ತಾಳ್ಮೆಯ ಕೆಲಸ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ದಿನಗಟ್ಟಲೆ ಕೊಳೆಯಲು ಬಿಡಬೇಕು. ಆಮೇಲೆ ಮರಳು ಸೇರಿಸಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುವುದೂ ಉಂಟು. ಟೆಂಡರ್‌ನವರ ಅವಸರಕ್ಕೆ ಇದು ಒಗ್ಗುವುದಿಲ್ಲ. ಒಗ್ಗಿಸಿಕೊಳ್ಳಲೇಬೇಕು.

ನಿಮ್ಮೂರಿನ ಹಳೇ ದರ್ಗಾಕ್ಕೋ ಕೋಟೆಗೋ ರಿಪೇರಿ ನಡೆಯುತ್ತಿದ್ದರೆ ಒಮ್ಮೆ ಹೋಗಿ ನೋಡಿ. ಸುಣ್ಣದ ಗುಂಡಿ ಇದೆಯಾ, ಸಿಮೆಂಟ್ ಚೀಲ ಇದೆಯಾ? ಚೀಲ ಕಂಡರೆ ಕೆಲಸ ಮಾಡಿಸುವವರನ್ನು ಯಾಕೆ ಅಂತ ಕೇಳಿ. ಫೋಟೋ ತೆಗೆದು ದಿನಾಂಕ ಬರೆದಿಟ್ಟುಕೊಳ್ಳಿ.