ಬರಿಗಾಲಲ್ಲಿ ಬಂದವನು

ಕೇಳುಗರೇ, ನಮಸ್ಕಾರ.

ಕಬೇಸಾ ದೆ ವಾಕಾ. ಸ್ಪ್ಯಾನಿಷ್‌ನಲ್ಲಿ ಹೀಗಂದರೆ ಹಸುವಿನ ತಲೆ. ಇದು ಒಬ್ಬ ಮನುಷ್ಯನ ಹೆಸರು, ತಾಯಿಯ ಮನೆತನದಿಂದ ಬಂದದ್ದು. ಪೂರ್ತಿ ಹೆಸರು ಅಲ್ವಾರ್ ನೂನ್ಯೆಸ್ ಕಬೇಸಾ ದೆ ವಾಕಾ. ಅಮೆರಿಕಕ್ಕೆ ಹೋದ ಸ್ಪೇನಿನವರು ಅಂದರೆ ಕುದುರೆ, ಕತ್ತಿ, ಚಿನ್ನದ ಆಸೆ ನೆನಪಾಗುತ್ತವೆ ಅಲ್ವಾ? ಈತ ಹೊರಟಿದ್ದೂ ಹಾಗೆಯೇ. ಆದರೆ ಎಲ್ಲವನ್ನೂ ಕಳೆದುಕೊಂಡ. ಕೊನೆಗೆ ಮೈಮೇಲೆ ಬಟ್ಟೆಯೂ ಉಳಿಯಲಿಲ್ಲ.

1527ರ ಜೂನ್‌ನಲ್ಲಿ 5 ಹಡಗುಗಳಲ್ಲಿ ಸುಮಾರು 600 ಜನ ಸ್ಪೇನ್ ಬಿಟ್ಟರು. ದಂಡಿನ ನಾಯಕ ಪಾನ್ಫಿಲೊ ದೆ ನಾರ್ವಾಯೆಸ್. ಕಬೇಸಾ ದೆ ವಾಕಾ ರಾಜನ ಖಜಾಂಚಿ. ಮರುವರ್ಷ ಫ್ಲೋರಿಡಾದಲ್ಲಿ ಇಳಿದರು. ಹಡಗುಗಳನ್ನು ಬೇರೆ ಕಳಿಸಿ, 300 ಜನರೊಂದಿಗೆ ಒಳನಾಡಿಗೆ ನಡೆಯೋಣ ಎಂದ ನಾರ್ವಾಯೆಸ್. ಬೇಡ ಎಂದ ಖಜಾಂಚಿಯ ಮಾತು ನಡೆಯಲಿಲ್ಲ. ಆ ಹಡಗುಗಳು ಮತ್ತೆ ಕಣ್ಣಿಗೆ ಬೀಳಲೇ ಇಲ್ಲ.

ಚಿನ್ನ ಸಿಗಲಿಲ್ಲ. ಸಿಕ್ಕಿದ್ದು ಜೌಗು, ಬಾಣ, ಕಾಯಿಲೆ. ಹಸಿವಿಗೆ ಕುದುರೆಗಳನ್ನೇ ಕೊಂದು ತಿಂದರು. ದೋಣಿ ಕಟ್ಟಲು, ಸವಾರರು ಕಾಲಿಡುವ ಕಬ್ಬಿಣದ ರಿಕಾಪು ಕರಗಿಸಿ ಮೊಳೆ ಮಾಡಿದರು. ಕುದುರೆ ಬಾಲದ ಕೂದಲು ಹಗ್ಗವಾಯಿತು, ಅಂಗಿಗಳು ಹಾಯಿಯಾದವು. ಕುದುರೆ ಕಾಲಿನ ಚರ್ಮ ಸುಲಿದು ನೀರಿನ ಚೀಲ ಮಾಡಿಕೊಂಡರು. ಅದೂ ಕೊಳೆತುಹೋಯಿತು.

1528ರ ನವೆಂಬರ್‌ನಲ್ಲಿ ಅಲೆಗಳು ಕಬೇಸಾ ದೆ ವಾಕಾನ ದೋಣಿಯನ್ನು ಇಂದಿನ ಟೆಕ್ಸಾಸ್ ಕರಾವಳಿಯ ಒಂದು ದ್ವೀಪಕ್ಕೆ ಎಸೆದವು. ಮತ್ತೆ ಹೊರಡಲು ಹೋದಾಗ ದೋಣಿ ಮಗುಚಿತು. ಉಳಿದವರು ಬೆತ್ತಲೆಯಾಗಿ ಚಳಿಯಲ್ಲಿ ನಡುಗುತ್ತಿದ್ದರು. ಅಲ್ಲಿನ ಜನ ಬಂದು ನೋಡಿದರು. ಪಕ್ಕದಲ್ಲಿ ಕೂತು ಗಟ್ಟಿಯಾಗಿ ಅತ್ತರು. ದಾರಿಯುದ್ದಕ್ಕೂ ಬೆಂಕಿ ಹಾಕಿ, ಕಾಯಿಸುತ್ತಾ ಕಾಯಿಸುತ್ತಾ ಮನೆಗೆ ಕರೆದೊಯ್ದರು. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಜಾಗ ಇದೇ. ಗೆಲ್ಲಲು ಬಂದವರಿಗಾಗಿ ಆ ಜನ ಅತ್ತರು.

ಆಮೇಲಿನ ವರ್ಷಗಳು ಸುಲಭದವಲ್ಲ. ಆಳಾಗಿ ದುಡಿದ. ನೀರಿನೊಳಗಿನ ಗೆಡ್ಡೆ ಕಿತ್ತು ಕಿತ್ತು ಬೆರಳು ಹುಣ್ಣಾದವು. ಮುಂದೆ ವ್ಯಾಪಾರಿಯಾದ. ಸಮುದ್ರದ ಚಿಪ್ಪು ಹೊತ್ತು ಒಳನಾಡಿಗೆ ಹೋಗುವುದು, ಚರ್ಮ, ಕೆಂಪು ಮಣ್ಣು, ಬಾಣದ ತುದಿಗೆ ಬೇಕಾದ ಕಲ್ಲು ತರುವುದು. ಕಾಯಿಲೆ ವಾಸಿ ಮಾಡು ಎಂದು ಜನ ಪಟ್ಟು ಹಿಡಿದಾಗ ಶಿಲುಬೆಯ ಗುರುತು ಮಾಡಿ, ಪ್ರಾರ್ಥಿಸಿ, ಉಸಿರು ಊದುತ್ತಿದ್ದ. ಒಮ್ಮೆ ಒಬ್ಬನ ಎದೆ ಕೊಯ್ದು ಹಳೆಯ ಬಾಣದ ಮೊನೆ ತೆಗೆದು, ಹೊಲಿಗೆ ಹಾಕಿದ್ದೂ ಉಂಟು.

ಕೊನೆಗೆ ದಂಡಿನಲ್ಲಿ ಬದುಕುಳಿದ ನಾಲ್ವರು ಪಶ್ಚಿಮಕ್ಕೆ ನಡೆದರು. ಇವನು, ಕಾಸ್ತಿಯೊ, ದೊರಾಂತೆಸ್, ಮತ್ತು ದೊರಾಂತೆಸ್‌ನ ಗುಲಾಮ ಎಸ್ತೆಬಾನಿಕೊ. ಊರಿಂದ ಊರಿಗೆ ನೂರಾರು ಜನ ಜೊತೆಗೆ ಬರುತ್ತಿದ್ದರು. 1536ರಲ್ಲಿ ಮೆಕ್ಸಿಕೊದ ವಾಯವ್ಯದಲ್ಲಿ ಸ್ಪೇನಿನ ಕುದುರೆ ಸವಾರರು ಎದುರಾದರು. ಜನರನ್ನು ಗುಲಾಮರಾಗಿ ಹಿಡಿಯಲು ಬಂದವರು ಅವರು. ಜೊತೆಗೆ ಬಂದವರನ್ನೂ ಹಿಡಿಯಲು ನೋಡಿದರು. ಇವನು ಜಗಳಕ್ಕೇ ನಿಂತ. ಈ ನಾಲ್ವರೂ ನಮ್ಮವರೇ ಎಂದು ಸವಾರರು ಹೇಳಿದರೆ ಜನ ನಂಬಲಿಲ್ಲ. ಇವರು ರೋಗಿಗಳನ್ನು ಉಳಿಸುತ್ತಾರೆ, ನೀವು ಗಟ್ಟಿಮುಟ್ಟಾಗಿದ್ದವರನ್ನು ಕೊಲ್ಲುತ್ತೀರಿ. ಇವರು ಬರಿಗಾಲಲ್ಲಿ ಬಂದರು, ನೀವು ಕುದುರೆ ಮೇಲೆ. ನೀವು ಒಂದೇ ಜನ ಹೇಗಾಗುತ್ತೀರಿ ಎಂದರು.

ಮೆಕ್ಸಿಕೊದಲ್ಲಿ ಸ್ಪೇನಿನವರ ಊರು ಸೇರಿದ ಮೇಲೆ ಬಹಳ ದಿನ ಅವನಿಗೆ ಬಟ್ಟೆ ಹಾಕಿಕೊಳ್ಳಲು ಆಗಲಿಲ್ಲ. ನೆಲದ ಮೇಲಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಅವನನ್ನು ಸಂತ ಮಾಡಲು ನನಗೆ ಇಷ್ಟವಿಲ್ಲ. ಮುಂದೆ ದಕ್ಷಿಣ ಅಮೆರಿಕದ ರಿಯೊ ದೆ ಲಾ ಪ್ಲಾತಾ ಪ್ರಾಂತ್ಯದ ರಾಜ್ಯಪಾಲನಾದ. ದಾರಿಯಲ್ಲಿ ಇಗ್ವಾಸು ಜಲಪಾತ ಕಂಡ. ಸ್ಥಳೀಯರಿಗೆ ಕಿರುಕುಳ ಕೊಡಬೇಡಿ ಎಂದ, ಆದರೆ ಅವರ ಮೇಲೆ ಯುದ್ಧವನ್ನೂ ಮಾಡಿದ. 1544ರಲ್ಲಿ ಅವನ ಕಡೆಯವರೇ ಬಂಧಿಸಿ, ಆಮೇಲೆ ಸ್ಪೇನಿಗೆ ಕಳಿಸಿದರು. ವರ್ಷಗಟ್ಟಲೆ ವಿಚಾರಣೆ ನಡೆಯಿತು.

ತನ್ನ ನಡಿಗೆಯ ಕಥೆಯನ್ನು ಅವನು ಬರೆದ. 1542ರಲ್ಲಿ ಅಚ್ಚಾಯಿತು. ಆ ಬಯಲಿನ ಜನ ಹೇಗೆ ತಿನ್ನುತ್ತಿದ್ದರು, ಮಕ್ಕಳನ್ನು ಎಷ್ಟು ಪ್ರೀತಿಸುತ್ತಿದ್ದರು, ಸತ್ತವರಿಗಾಗಿ ಎಷ್ಟು ದಿನ ಅಳುತ್ತಿದ್ದರು ಎಂಬುದೆಲ್ಲ ಅದರಲ್ಲಿದೆ. ಕೊನೆಯಲ್ಲಿ ಬದುಕಿ ಬಂದ ನಾಲ್ವರ ಹೆಸರು ಬರುತ್ತದೆ. ದಾರಿಯುದ್ದಕ್ಕೂ ಜನರ ಜೊತೆ ಮಾತಾಡಿ ವಿಷಯ ತಿಳಿಯುತ್ತಿದ್ದವನು ಎಸ್ತೆಬಾನಿಕೊ. ಅವನನ್ನು ಮತ್ತೆ ಉತ್ತರಕ್ಕೆ ದಾರಿ ತೋರಿಸಲು ಕಳಿಸಿದರು. 1539ರಲ್ಲಿ ಅಲ್ಲೇ ಸತ್ತ. ಪುಸ್ತಕದ ಕಟ್ಟಕಡೆಯ ಸಾಲು ಅವನದೇ: ನಾಲ್ಕನೆಯವನ ಹೆಸರು ಎಸ್ತೆಬಾನಿಕೊ, ಅರಬ್ಬಿ ಮಾತಾಡುವ ಕರಿಯ, ಊರು ಅಸಾಮೋರ್. ಅದು ಇಂದಿನ ಮೊರಾಕೊದಲ್ಲಿದೆ.

ನಮಸ್ಕಾರ.