ಠಾಣೆಯ ಲೆಕ್ಕ, ಊರಿನ ಲೆಕ್ಕ

ಮುಂದಿನ ವಾರ ಅಪರಾಧದ ಸರ್ವೆಗೆ ಮನೆ ಮನೆಗೆ ಹೊರಡುವ ನಿಮಗೆಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿ ಜಿಲ್ಲೆಯಲ್ಲಿ ಕಳ್ಳತನ ಜಾಸ್ತಿ ಆಗಿದೆಯಾ, ಕಡಿಮೆ ಆಗಿದೆಯಾ? ಹೀಗೆ ಕೇಳಿದರೆ ನಿಮ್ಮಲ್ಲಿ ಬಹಳ ಜನ ಎನ್‌ಸಿಆರ್‌ಬಿ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ತೆಗೆಯುತ್ತೀರಿ. ತೆಗೆಯಲೇಬೇಕು. ಎನ್‌ಸಿಆರ್‌ಬಿ ಶುರುವಾಗಿದ್ದು 1986ರಲ್ಲಿ, ಆದರೆ ದೇಶದ ಅಪರಾಧದ ಲೆಕ್ಕ 1953ರಿಂದಲೇ ಸಿಗುತ್ತದೆ. ದೊಡ್ಡ ಆಸ್ತಿ ಅದು.

ಆದರೆ ಅಲ್ಲಿರುವುದು ಎಫ್‌ಐಆರ್‌ಗಳ ಲೆಕ್ಕ. ಒಂದೇ ಎಫ್‌ಐಆರ್‌ನಲ್ಲಿ ಕೊಲೆಯೂ ಮನೆಗಳವೂ ಇದ್ದರೆ, ಹೆಚ್ಚು ಶಿಕ್ಷೆ ಇರುವ ಕೊಲೆಯನ್ನಷ್ಟೇ ಎಣಿಸುತ್ತಾರೆ. ಕಳವು ಲೆಕ್ಕದಿಂದ ಬಿದ್ದುಹೋಯಿತು, ಅಲ್ವಾ? 2024ರ ಜುಲೈ 1ರಿಂದ ದೂರು, ತನಿಖೆ, ವಿಚಾರಣೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನು ಬಂದಿದೆ. ಅದರ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದರಿಂದ ದೂರು ಹೆಚ್ಚಾದರೆ ಅಪರಾಧವೇ ಹೆಚ್ಚಾಯಿತು ಅಂತ ಬರೆಯಬೇಡಿ.

ಠಾಣೆಯ ಮೆಟ್ಟಿಲನ್ನೇ ಹತ್ತದವರ ಲೆಕ್ಕ ಬೇಕಾದರೆ ಮನೆ ಮನೆಗೆ ಹೋಗಿ ಕೇಳಬೇಕು. ಅಮೆರಿಕದಲ್ಲಿ 1970ರ ದಶಕದಿಂದ, ಬ್ರಿಟನ್‌ನಲ್ಲಿ 1982ರಿಂದ ಹೀಗೆ ಕೇಳುತ್ತಿದ್ದಾರೆ.

ಕೇಳುವುದು ಹೇಗೆ ಅನ್ನುವುದನ್ನು ನಾನು ಆಳಂದ ತಾಲ್ಲೂಕಿನ ಒಂದು ಊರಲ್ಲಿ ಕಲಿತೆ. ಒಬ್ಬ ಅವ್ವ ಕಟ್ಟೆ ಮೇಲೆ ತೊಗರಿ ಕೇರುತ್ತಾ ಕೂತಿದ್ದರು. "ಯವ್ವಾ, ಒಂದು ವರ್ಷದಾಗ ನಿಮ್ಮನ್ಯಾಗ ಕಳ್ಳತನ ಆಗ್ಯಾದೇನ್ರಿ?" ಅಂದೆ. "ಇಲ್ಲಪ್ಪಾ" ಅಂದರು. 'ಇಲ್ಲ' ಅಂತ ಬರೆದುಕೊಂಡೆ. ಚಹಾ ಕುಡಿಯುವಾಗ ಅವರೇ ಹೇಳಿದರು: "ಹೊಲದಾಗಿನ ಪಂಪ್‌ಸೆಟ್ ಕೇಬಲ್ ಕಡಕೊಂಡು ಹೋದ್ರು ನೋಡು." ನಾನು ಕೇಳಿದ್ದು ಮನೆಯನ್ನು. ಅವರು ಹೇಳಿದ್ದೂ ಮನೆಯ ಮಾತನ್ನೇ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ಅವತ್ತಿನಿಂದ ಕೇಬಲ್, ಕುರಿ, ಬೈಕು, ರಾಶಿ ಮಾಡಿದ ಕಾಳು ಅಂತ ಒಂದೊಂದೇ ಹೆಸರು ಹಿಡಿದು ಕೇಳುತ್ತೇನೆ.

'ಒಂದು ವರ್ಷ' ಅನ್ನುವ ಮಾತಿನಲ್ಲೂ ತೊಡಕಿದೆ. ಮನಸ್ಸಿಗೆ ನೋವಾದ ಘಟನೆ ಮೂರು ವರ್ಷ ಹಳೆಯದಾದರೂ ಮೊನ್ನೆ ಆದಂತೆ ಅನಿಸುತ್ತದೆ. "ಹೋದ ಶರಣಬಸವೇಶ್ವರ ಜಾತ್ರೆ ಆದಮ್ಯಾಗ" ಅಂತ ಕೇಳಿ ನೋಡಿ. ಜನ ಬೆರಳು ಮಡಚಿ ಲೆಕ್ಕ ಹಾಕಿ ಹೇಳುತ್ತಾರೆ.

ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಹೆಣ್ಣುಮಗಳನ್ನು ಅತ್ತೆ, ಗಂಡ ಎದುರಿಗಿದ್ದಾಗ ಕೇಳಲೇಬೇಡಿ. ನೀವು ಹೊರಟ ಮೇಲೆ ಅವಳಿಗೆ ಏನಾಗುತ್ತದೋ ಯೋಚಿಸಿ. ಅವಳು ಒಪ್ಪದಿದ್ದರೆ ಪುಸ್ತಕ ಮುಚ್ಚಿ ಎದ್ದು ಬನ್ನಿ.

ಇನ್ನು ಬೀಗ ಹಾಕಿದ ಮನೆಗಳು. ನಮ್ಮ ಕಡೆ ಎಷ್ಟೋ ಜನ ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋಗಿರುತ್ತಾರೆ. ಸರ್ವೆಗೆ ಹೋದ ಹುಡುಗರು ಬೀಗ ನೋಡಿ ಸುಮ್ನೆ ಪಕ್ಕದ ಮನೆಗೆ ನಡೆಯುತ್ತಾರೆ. ಕಳ್ಳ ಹುಡುಕುವುದು ಅದೇ ಬೀಗವನ್ನು! ಮುಂದಿನ ವಾರ ನೀವು ಹೊರಟಾಗ ಅಂಥ ಮನೆಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಯಾವಾಗ ಬರುತ್ತಾರೆ ಅಂತ ಪಕ್ಕದವರನ್ನು ಕೇಳಿ. ಅವರು ಹಬ್ಬಕ್ಕೆ ಬಂದಾಗ ಇನ್ನೊಂದು ಸಲ ಹೋಗೋಣ, ನಾನೂ ಬರುತ್ತೇನೆ.