ತೂಬು ಎತ್ತುವವರು ಯಾರು?

ಎಲ್ಲರಿಗೂ ನಮಸ್ಕಾರ. ವೈಟ್‌ಫೀಲ್ಡ್ ಕಡೆ ಓಡಾಡುವವರಿಗೆ ವರ್ತೂರು ಕೋಡಿ ಅಂದರೆ ಒಂದು ಬಸ್ ಸ್ಟಾಪು, ಒಂದು ಟ್ರಾಫಿಕ್ ಜಾಮು. ಕೋಡಿ ಅಂದರೇನು ಅಂತ ಮೊನ್ನೆ ಕಾಲೇಜು ಹುಡುಗರನ್ನು ಕೇಳಿದೆ. ಒಬ್ಬ ‘ಊರಿನ ಹೆಸರು ಸಾರ್’ ಅಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ, ಬಲ್ಲವರು ಸಹಿಸಿಕೊಳ್ಳಿ.

ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ತಾನಾಗಿ ಹೊರಳಿ ಹೋಗಲಿ ಅಂತ ಏರಿಯ ಕೊನೆಯಲ್ಲಿ ಕಟ್ಟಿದ ತಗ್ಗು ಗೋಡೆಯೇ ಕೋಡಿ. ಅದಕ್ಕೆ ಕಾವಲು ಬೇಡ, ಕೀಲಿ ಬೇಡ. ತೂಬು ಹಾಗಲ್ಲ. ಏರಿಯಿಂದ ಸ್ವಲ್ಪ ಒಳಗೆ, ನೀರಿನಲ್ಲಿ ಎರಡು ಕಲ್ಲುಕಂಬ ನಿಂತಿರುವುದನ್ನು ನೋಡಿರುತ್ತೀರಿ. ಫೋಟೋ ತೆಗೆಯುವವರಿಗೆ ಅದರ ಮೇಲೊಂದು ಮಿಂಚುಳ್ಳಿ ಕೂತರೆ ಸಾಕು. ಕಂಬಗಳ ನಡುವೆ ಅಡ್ಡಲಾಗಿ ಕಲ್ಲುಚಪ್ಪಡಿ, ಚಪ್ಪಡಿಯಲ್ಲಿ ತೂತು, ತೂತಿನಲ್ಲಿ ಇಳಿಬಿಟ್ಟ ಗಳ. ಗಳದ ತುದಿಯ ಮರದ ಬೆಣೆ ತಳದ ಕಂಡಿಯಲ್ಲಿ ಬಿರಡೆಯಂತೆ ಕೂರುತ್ತಿತ್ತು. ನೀರುಗಂಟಿ ಅದನ್ನು ಎತ್ತಿದರೆ ನೀರು ಏರಿಯ ಅಡಿಯಿಂದ ಹಾದು ಅಚ್ಚುಕಟ್ಟಿನ ಗದ್ದೆಗಳಿಗೆ ಹರಿಯುತ್ತಿತ್ತು. ಯಾವ ದಿನ ಎತ್ತಬೇಕು, ಎಷ್ಟು ಎತ್ತಬೇಕು, ಯಾರ ಗದ್ದೆ ಮೊದಲು, ಎಲ್ಲ ಅವನ ತಲೆಯಲ್ಲೇ.

ಬೆಂಗಳೂರು ದಿಣ್ಣೆಯ ಮೇಲಿನ ಊರು. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಒಂದು ಕೆರೆಯ ಕೋಡಿ ನೀರು ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗಬೇಕು. ಗದ್ದೆ ಹೋಗಿ ಲೇಔಟ್ ಬಂದ ಮೇಲೆ ತೂಬಿಗೆ ಕೆಲಸವಿಲ್ಲವಾಯಿತು. ಎಷ್ಟೋ ತೂಬು ಹೂಳಿನಲ್ಲಿ ಹೂತವು, ಕೆಲವಕ್ಕೆ ಕಾಂಕ್ರೀಟು ಬಡಿದರು. ಉಳಿದದ್ದು ಕೋಡಿ. ಕೆರೆ ತುಂಬುವ ತನಕ ಕೋಡಿ ಏನೂ ಮಾಡುವುದಿಲ್ಲ. ಈಗಂತೂ ಕೊಳಚೆ ನೀರೋ ಸಂಸ್ಕರಿಸಿದ ನೀರೋ ವರ್ಷವಿಡೀ ಬರುತ್ತಿರುವುದರಿಂದ ಅನೇಕ ಕೆರೆಗಳು ಏಪ್ರಿಲ್‌ನಲ್ಲೂ ತುಂಬಿಕೊಂಡೇ ಇರುತ್ತವೆ. ಮಳೆ ಸುರಿದರೆ ಹಿಡಿದಿಡಲು ಜಾಗವೆಲ್ಲಿ? 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ದಿನ 131.6 ಮಿ.ಮೀ. ಸುರಿದಾಗ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆಯಲ್ಲ. ರಾಜಕಾಲುವೆ ಒತ್ತುವರಿಯ ಬಗ್ಗೆ ಎಲ್ಲರೂ ಮಾತಾಡಿದರು, ಸರಿಯೇ. ತೂಬಿನ ಬಗ್ಗೆ ಮಾತಾಡಿದವರು ಕಡಿಮೆ.

ನೂರು ಎಕರೆಯ ಕೆರೆಯನ್ನು ಮಳೆಗೆ ಮುಂಚೆ ತೂಬು ಎತ್ತಿ ಒಂದೇ ಒಂದು ಅಡಿ ಇಳಿಸಿ ನೋಡಿ. ಸುಮಾರು 12 ಕೋಟಿ ಲೀಟರಿಗೆ ಜಾಗವಾಗುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 20,000 ಲೋಡು. ಅದಕ್ಕೇ ಈಗ ಕೆಲವರು ಹಳೆಯ ಕೋಡಿ ಒಡೆದು, ಬೇಕೆಂದಾಗ ಎತ್ತಿ ನೀರು ಬಿಡುವ ಗೇಟು ಕೂರಿಸೋಣ ಅನ್ನುತ್ತಾರೆ. ಗೇಟು ಬೇಕು, ಒಪ್ಪಿದೆ. ಆದರೆ ಕೋಡಿಯನ್ನು ಪೂರ್ತಿ ಒಡೆಯಬೇಡಿ. ಗೇಟು ಕಚ್ಚಿಕೊಳ್ಳುತ್ತದೆ, ಥರ್ಮೋಕೋಲು, ಹಾಸಿಗೆ, ಜೊಂಡು ಬಂದು ಅಡ್ಡ ಕೂರುತ್ತದೆ. ಕೋಡಿಯ ಮೇಲಿನ ನೀರು ಅರ್ಧ ಅಡಿಯಿಂದ ಒಂದಡಿಗೆ ಏರಿದರೆ ಹೊರಹರಿವು ಸುಮಾರು 2.8 ಪಟ್ಟಾಗುತ್ತದೆ. ಮುಳುಗಿದ ಗೇಟಿನ ಕಂಡಿಗೆ ಅಷ್ಟು ಧಾರಾಳತನವಿಲ್ಲ. ಮೇಲಿನ ನೀರು ಇಮ್ಮಡಿಯಾದರೂ ಹರಿವು 1.4 ಪಟ್ಟು ಅಷ್ಟೇ.

ಇನ್ನೊಂದು ಮಾತು ತುಂಗಭದ್ರಾ ಅಣೆಕಟ್ಟಿನದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿಗೇ ಸ್ಟಾಪ್ ಲಾಗ್, ಅಂದರೆ ಒಂದರ ಮೇಲೊಂದು ಕೂರುವ ಅಡ್ಡ ಹಲಗೆಗಳನ್ನು, ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ನಮ್ಮ ಕೆರೆ ಅದರ ಮುಂದೆ ಬೊಗಸೆ ನೀರು. ಆದರೂ ಹೊಸ ಗೇಟಿನ ಮುಂದೆ ಎರಡೂ ಬದಿ ಗೋಡೆಯಲ್ಲಿ ಸ್ಟಾಪ್ ಲಾಗಿಗೆ ಗ್ರೂವ್ ಬಿಡಿಸಿ. ಕಟ್ಟುವಾಗ ಅದು ಪುಡಿಗಾಸಿನ ಕೆಲಸ. ಬಿಡಿಸದಿದ್ದರೆ ಆಮೇಲೆ ರಿಪೇರಿಗೆ ಕೆರೆಯನ್ನೇ ಬರಿದು ಮಾಡಬೇಕಾಗುತ್ತದೆ.

ನಾನು ಕಂಡ ಒಂದು ಕೆರೆಗೆ ಇಂಥ ಗೇಟು ಬಂತು. ಬಣ್ಣ ಬಳಿದ, ಕೈಚಕ್ರದ ಚಂದದ ಗೇಟು. ಚಕ್ರವನ್ನು ಗುಜರಿಗೆ ಕದ್ದೊಯ್ದರು ಅಂತ ಹೊಸದು ತಂದು ಸರಪಳಿ ಸುತ್ತಿ ಬೀಗ ಹಾಕಿದರು. ಒಂದು ರಾತ್ರಿ ಹನ್ನೊಂದಕ್ಕೆ ಮಳೆ ಹಿಡಿಯಿತು. ಟಾರ್ಚು ಹಿಡಿದು ಏರಿ ಮೇಲೆ ಹೋದೆವು. ಬೀಗದ ಕೈ ಕಂಟ್ರಾಕ್ಟರ್ ಹತ್ತಿರ, ಕಂಟ್ರಾಕ್ಟರ್ ಫೋನು ಸ್ವಿಚ್ ಆಫ್. ಬೆಳಿಗ್ಗೆ ಬೀಗದ ಕೈ ಬರುವಷ್ಟರಲ್ಲಿ ಕೆರೆಯ ಹಿಂಭಾಗದ ಎರಡು ಬೀದಿಗಳಲ್ಲಿ ಅಡುಗೆಮನೆಯ ಸಿಲಿಂಡರ್ ತೇಲುತ್ತಿತ್ತು. ಇನ್ನು ಕೈಗೆ ಸಿಕ್ಕವರು ತಿರುಗಿಸಿದರೂ ಕಷ್ಟವೇ. ಕೆಳಗಿನ ಕೆರೆಯನ್ನು ಮೊದಲು ಇಳಿಸಿ, ಆಮೇಲೆ ಅದರ ಮೇಲಿನದನ್ನು ತೆಗೆಯಬೇಕು. ಇಲ್ಲದಿದ್ದರೆ ನಮ್ಮ ನೀರು ಕೆಳಗಿನವರ ಮನೆಗೆ. ಅಂದರೆ ಸಾಲಿನ ಎಲ್ಲ ಕೆರೆಗಳಿಗೂ ಸಂಬಳದ ನೀರುಗಂಟಿ ಬೇಕು, ಒಬ್ಬರ ನಂಬರ್ ಇನ್ನೊಬ್ಬರ ಬಳಿ ಇರಬೇಕು. ಗೇಟಿನ ಎಸ್ಟಿಮೇಟಿನಲ್ಲಿ ನಾನು ಮೊದಲು ಹುಡುಕುವುದು ಆ ಸಂಬಳದ ಬಾಬತ್ತನ್ನೇ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕೆರೆಯ ಹಳೆಯ ತೂಬಿನ ಹೂಳು ತೋಡಿ, ಏರಿಯ ಅಡಿಯ ಕಾಲುವೆ ಇನ್ನೂ ಗಟ್ಟಿಯಾಗಿದೆಯೇ ನೋಡುತ್ತೇವೆ. ಗಮ್‌ಬೂಟು ಇದ್ದವರು ಹಾಕಿಕೊಂಡು ಬನ್ನಿ.